ಮಿಡಿದರೆ ಸಾಲದು, ರಕ್ತವೂ ಹರಿಯಬೇಕು

ಮಾನ್ಯ ಸಂಪಾದಕರೇ,

‘ಪ್ರಯೋಗಾಲಯದಲ್ಲೇ ಹೃದಯ ಬೆಳೆಸಿದ ವಿಜ್ಞಾನಿಗಳು’ ಎಂಬ ತಲೆಬರಹ ವರ್ಷಕ್ಕೊಂದೆರಡು ಸಲ ಪತ್ರಿಕೆಗಳಲ್ಲಿ ಬರುತ್ತದೆ. ಪಕ್ಕದಲ್ಲಿ ಗಾಜಿನ ಬಟ್ಟಲಿನೊಳಗೆ ತೇಲುವ ಗುಲಾಬಿ ಬಣ್ಣದ ಉಂಡೆಯೊಂದರ ಚಿತ್ರ ಇರುತ್ತದೆ. ಸುದ್ದಿ ಸುಳ್ಳಿರುವುದಿಲ್ಲ. ಆದರೆ ಆ ಉಂಡೆ ಎಷ್ಟು ದಪ್ಪವಿತ್ತು, ಅದರೊಳಗೆ ರಕ್ತ ಓಡಾಡುತ್ತಿತ್ತೇ ಎಂಬ ಎರಡು ವಿಷಯ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆಕರಕೋಶ, ಅಂದರೆ ಸ್ಟೆಮ್ ಸೆಲ್‌ಗಳಿಂದ ಮಿಡಿಯುವ ಸ್ನಾಯು ತೆಗೆಯುವುದು ಈಗ ಎಷ್ಟೋ ಪ್ರಯೋಗಾಲಯಗಳಲ್ಲಿ ದಿನನಿತ್ಯದ ಕೆಲಸವಾಗಿದೆ. ಆ ಸ್ನಾಯುವಿಗೆ ರಕ್ತನಾಳ ಕೂಡಿಸುವಲ್ಲಿಯೇ ಎಲ್ಲರೂ ಮುಗ್ಗರಿಸುತ್ತಿರುವುದು.

ತೊಡಕು ಎಷ್ಟು ದೊಡ್ಡದು ಎಂಬುದನ್ನು ಓದುಗರ ಕೈಯಲ್ಲಿರುವ ಪತ್ರಿಕೆಯಿಂದಲೇ ಅಳೆದು ತೋರಿಸಬಹುದು. ಸುದ್ದಿಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರಾನ್ ದಪ್ಪ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಪೋಷಕ ದ್ರವದಲ್ಲಿ ಮುಳುಗಿಸಿಟ್ಟ ಜೀವಂತ ಅಂಗಾಂಶದೊಳಕ್ಕೆ ಆಮ್ಲಜನಕ ತಾನಾಗಿ ಇಳಿಯುವುದು 100ರಿಂದ 200 ಮೈಕ್ರಾನ್‌ವರೆಗೆ, ಎರಡು ಮೂರು ಹಾಳೆಗಳಷ್ಟು. ಹದಿನಾರು ಪುಟದ ಪತ್ರಿಕೆಯನ್ನು ನಡುವೆ ಮಡಿಸಿದರೆ ಹದಿನಾರು ಪದರವಾಗುತ್ತದೆ, 1 ಮಿಲಿಮೀಟರಿಗಿಂತ ತುಸು ಹೆಚ್ಚು. ಮನುಷ್ಯನ ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡ ಕೆಳಕೋಣೆಯ ಗೋಡೆ ಸುಮಾರು 10 ಮಿಲಿಮೀಟರ್: ಹಾಗೆ ಮಡಿಸಿದ ಒಂಬತ್ತು ಪತ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಅಷ್ಟು ದಪ್ಪದ ಸ್ನಾಯುವನ್ನು ನಾಳಗಳಿಲ್ಲದೆ ಬೆಳೆಸಿದರೆ ಮೇಲಿನ ಎರಡು ಮೂರು ಹಾಳೆ ಬದುಕಿ, ಒಳಗಿನ ನೂರಕ್ಕೂ ಹೆಚ್ಚು ಹಾಳೆ ಉಸಿರುಕಟ್ಟಿ ಸಾಯುತ್ತವೆ. ನಿಜವಾದ ಹೃದಯದಲ್ಲಿ ಹೀಗಾಗದಿರುವುದು ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ ದಟ್ಟಣೆಯಿಂದ. ಸ್ನಾಯುವನ್ನು ಅಡ್ಡ ಕೊಯ್ದು ನೋಡಿದರೆ ಒಂದು ಚದರ ಮಿಲಿಮೀಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಲೋಮನಾಳ ಕಾಣುತ್ತವೆ, ಒಂದರಿಂದ ಇನ್ನೊಂದಕ್ಕೆ ಸುಮಾರು 20 ಮೈಕ್ರಾನ್ ಅಂತರದಲ್ಲಿ. ಹೆಚ್ಚುಕಡಿಮೆ ಪ್ರತಿ ಸ್ನಾಯುಕೋಶದ ಮಗ್ಗುಲಲ್ಲೂ ಒಂದು ನಲ್ಲಿ.

ಕೋಶಗಳ ಮಾತನ್ನು ಮೊದಲು ಹೇಳಿಬಿಡಬೇಕು. ಕ್ಯೋಟೊದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಿಗೆ ನಾಲ್ಕು ಜೀನ್ ತುಂಬಿ ಅವನ್ನು ಭ್ರೂಣದ ಆಕರಕೋಶಗಳಂಥ ಸ್ಥಿತಿಗೆ ಮರಳಿಸಿದರು. 2012ರ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಐಪಿಎಸ್ ಕೋಶ ಎನ್ನುವುದು ಇವನ್ನೇ. ಇವನ್ನು ಹೃದಯ ಸ್ನಾಯುವಾಗಿ ತಿರುಗಿಸಲು ಇಂದು ಹೆಚ್ಚು ಬಳಸುವ ವಿಧಾನ 2012ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂದದ್ದು. ಕೋಶ ಅಂಟಿಕೊಳ್ಳಲೆಂದು ಮ್ಯಾಟ್ರಿಜೆಲ್ ಎಂಬ ಪ್ರೋಟೀನು ಜೆಲ್ ಲೇಪಿಸಿದ ಪ್ಲೇಟಿನ ತಳ ಮುಚ್ಚುವಷ್ಟು ಕೋಶಗಳು ಒತ್ತಾಗಿ ಬೆಳೆದ ದಿನವೇ ‘ಡೇ ಝೀರೊ’. ಅಂದು ಇನ್ಸುಲಿನ್ ಇಲ್ಲದ ಬಿ-27 ಎಂಬ ಪೂರಕ ಬೆರೆಸಿದ ಮೀಡಿಯಂನಲ್ಲಿ (ಪೋಷಕ ದ್ರವದಲ್ಲಿ) ಚಿರ್-99021 ಎಂಬ ರಾಸಾಯನಿಕವನ್ನು 6ರಿಂದ 12 ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಪ್ರಮಾಣದಲ್ಲಿ 24 ಗಂಟೆ ಕೊಡುತ್ತಾರೆ. ಮೂರನೆಯ ದಿನ ಐಡಬ್ಲ್ಯುಪಿ-2 ಎಂಬ ಇನ್ನೊಂದು ರಾಸಾಯನಿಕ, 5 ಮೈಕ್ರೋಮೋಲಾರ್, ಎರಡು ದಿನ. ಮೊದಲನೆಯದು ವಿಂಟ್ ಎಂಬ ಸಂಕೇತದ ಬಾಗಿಲು ತೆರೆಯುತ್ತದೆ, ಎರಡನೆಯದು ಅದನ್ನು ಮುಚ್ಚುತ್ತದೆ. ಭ್ರೂಣದಲ್ಲಿ ಹೃದಯ ಮೂಡುವಾಗಲೂ ಕ್ರಮ ಇದೇ. ಏಳನೆಯ ದಿನದಿಂದ ಇನ್ಸುಲಿನ್ ಸೇರಿಸುತ್ತಾರೆ. ಎಂಟರಿಂದ ಹನ್ನೆರಡನೆಯ ದಿನದೊಳಗೆ ಪ್ಲೇಟಿನ ತಳವೆಲ್ಲ ಬಲೆ ಜಗ್ಗಿದ ಹಾಗೆ ಜಗ್ಗತೊಡಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ.

ಓದಲು ಅಡುಗೆ ಪುಸ್ತಕದಷ್ಟೇ ಸುಲಭ. ಕೆಡುವುದು ಸಣ್ಣಪುಟ್ಟದರಲ್ಲಿ. ಒಬ್ಬರ ಕೋಶಕ್ಕೆ 8 ಮೈಕ್ರೋಮೋಲಾರ್ ಚಿರ್ ಒಗ್ಗಿದರೆ ಇನ್ನೊಬ್ಬರ ಕೋಶ ಅದರಲ್ಲೇ ಸತ್ತು ತೇಲುತ್ತದೆ, ಹಾಗಾಗಿ ಪ್ರತಿ ಕೋಶವಂಶಕ್ಕೂ 1 ಮೈಕ್ರೋಮೋಲಾರ್ ಅಂತರದಲ್ಲಿ ಹೊಸದಾಗಿ ಹದ ನೋಡಬೇಕು. ಡೇ ಝೀರೊದಂದು ಕೋಶಗಳು ವಿರಳವಾಗಿದ್ದರೆ ಚಿರ್‌ನ ಹೊಡೆತ ತಾಳುವುದಿಲ್ಲ; ತೀರ ಒತ್ತಾಗಿದ್ದರೆ ದಾರಿ ಬದಲಿಸುವುದೇ ಇಲ್ಲ. ಇನ್ಸುಲಿನ್ ಮೂರು ದಿನ ಮೊದಲೇ ಸೇರಿಬಿಟ್ಟರೆ ಇಡೀ ಬ್ಯಾಚ್ ಹೋಯಿತು. ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯದ ಸೋಂಕು ಇನ್ನೂ ಕೆಟ್ಟದ್ದು: ಮೀಡಿಯಂ ಕದಡುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಫಲಿತಾಂಶ ಮಾತ್ರ ವಾರದಿಂದ ವಾರಕ್ಕೆ ಅಡ್ಡಾದಿಡ್ಡಿಯಾಗುತ್ತದೆ. ಎಲ್ಲ ಸರಿಹೋದರೂ ಪ್ಲೇಟಿನಲ್ಲಿ ಸ್ನಾಯುವಲ್ಲದ ಕೋಶಗಳು ಉಳಿದಿರುತ್ತವೆ. ಅವನ್ನು ಕಳೆಯಲು ಜಪಾನಿನಲ್ಲಿ ಕಂಡುಕೊಂಡ ಉಪಾಯ ಚೆನ್ನಾಗಿದೆ. ಗ್ಲೂಕೋಸ್ ತೆಗೆದು 4 ಮಿಲಿಮೋಲಾರ್ ಲ್ಯಾಕ್ಟೇಟ್ ಇರುವ ಮೀಡಿಯಂ ಕೊಟ್ಟರೆ ಹೃದಯ ಸ್ನಾಯುಕೋಶ ಅದನ್ನೇ ಉರಿಸಿಕೊಂಡು ಬದುಕುತ್ತದೆ, ಉಳಿದವು ಕೆಲವೇ ದಿನಗಳಲ್ಲಿ ಹಸಿದು ಸಾಯುತ್ತವೆ. ಬದಲಾಗದ ಆಕರಕೋಶ ಅಷ್ಟಿಷ್ಟು ಉಳಿದು ರೋಗಿಯ ದೇಹ ಸೇರಿದರೂ ಗಡ್ಡೆಯಾಗಬಲ್ಲದು. ಈ ಹಂತದಲ್ಲಿ ಅವಸರ ಕೂಡದು.

ರಕ್ತನಾಳದ ಒಳಗೋಡೆಗೆ ಬೇಕಾದ ಎಂಡೋಥೀಲಿಯಲ್ ಕೋಶಗಳೂ ಇದೇ ಐಪಿಎಸ್‌ನಿಂದ ಸಿಗುತ್ತವೆ. ಮೂರು ದಿನ ಚಿರ್ ಮತ್ತು ಬಿಎಂಪಿ-4 ಎಂಬ ಪ್ರೋಟೀನು, ಆಮೇಲೆ ಎರಡು ದಿನ ವಿಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನು ಮಿಲಿಲೀಟರಿಗೆ 200 ನ್ಯಾನೋಗ್ರಾಂ, ಜೊತೆಗೆ 2 ಮೈಕ್ರೋಮೋಲಾರ್ ಫಾರ್ಸ್ಕೋಲಿನ್. (ಈ ಫಾರ್ಸ್ಕೋಲಿನ್ ನಮ್ಮ ಕಡೆ ಉಪ್ಪಿನಕಾಯಿ ಹಾಕುವ ಮಕಂದಿ ಬೇರಿನ ಸತ್ವ. ಈಗ ಅದು ಪ್ರಯೋಗಾಲಯಕ್ಕೆ ಪುಟ್ಟ ಸೀಸೆಯಲ್ಲಿ ಬರುತ್ತದೆ.) ಆರನೆಯ ದಿನ ಕಾಂತಕ್ಕೆ ಅಂಟುವ ಮಣಿಗಳಿಂದ ಬೇಕಾದ ಕೋಶಗಳನ್ನು ಹೆಕ್ಕಿ ತೆಗೆಯುತ್ತಾರೆ. ನಾಲ್ಕೈದು ಸಲ ಪ್ಲೇಟು ಬದಲಿಸುವಷ್ಟರಲ್ಲಿ ಇವುಗಳ ಗುಣ ಇಳಿಯತೊಡಗುತ್ತದೆ, ಆದ್ದರಿಂದ ಎಳೆಯವನ್ನೇ ಬಳಸಬೇಕು.

ಸ್ನಾಯುಕೋಶ ಮತ್ತು ನಾಳಕೋಶ ಎರಡನ್ನೇ ಬೆರೆಸಿದರೆ ಸಾಲದೇ? ಸಾಲದು. ನಾಳಗಳು ಮೊಳೆಯುತ್ತವೆ, ಆದರೆ ಹೊರಗಿನಿಂದ ತಬ್ಬಿ ಹಿಡಿಯುವ ಆಸರೆ ಕೋಶಗಳಿಲ್ಲದೆ ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಶುಲಮಿತ್ ಲೆವೆನ್‌ಬರ್ಗ್ ಮತ್ತು ಲಿಯೊರ್ ಗೆಪ್‌ಸ್ಟೀನ್ ತಂಡಗಳು, 2007ರಲ್ಲಿ. ಕರಗುವ ಪಾಲಿಮರಿನ ಸ್ಪಂಜಿನೊಳಕ್ಕೆ ಮಾನವ ಭ್ರೂಣದ ಆಕರಕೋಶಗಳಿಂದ ತೆಗೆದ ಸ್ನಾಯುಕೋಶ, ಎಂಡೋಥೀಲಿಯಲ್ ಕೋಶ, ಭ್ರೂಣದ ಫೈಬ್ರೋಬ್ಲಾಸ್ಟ್ ಎಂಬ ಆಸರೆ ಕೋಶ ಮೂರನ್ನೂ ಒಟ್ಟಿಗೆ ಬಿತ್ತಿದರು. ಫೈಬ್ರೋಬ್ಲಾಸ್ಟ್ ಸೇರಿದಾಗ ನಾಳಕೋಶಗಳು ಸಾಯುವುದು ತಗ್ಗಿತು, ನಾಳಗಳ ಜಾಲ ನಿಂತಿತು. ಮುಂದೆ ಇಂಥ ತುಂಡುಗಳನ್ನು ಇಲಿಯ ಹೃದಯದ ಮೇಲೆ ಕಸಿ ಮಾಡಿದಾಗ ರಕ್ತ ಅವುಗಳೊಳಗೆ ಹರಿಯಿತು. ಇಂದಿಗೂ ಹೆಚ್ಚಿನವರು ಹಿಡಿದಿರುವುದು ಈ ಮೂರು ಕೋಶಗಳ ಕೂಟವನ್ನೇ. ಮೂರನ್ನೂ ಒಂದೇ ಬಟ್ಟಲಲ್ಲಿ ಸಾಕುವುದು ಬೇರೆಯೇ ಫಜೀತಿ: ಸ್ನಾಯುವಿಗೆ ಹಿತವಾದ ಮೀಡಿಯಂನಲ್ಲಿ ನಾಳ ಸೊರಗುತ್ತದೆ, ನಾಳಕ್ಕೆ ಬೇಕಾದ ಸೀರಂ, ವಿಇಜಿಎಫ್ ಹೆಚ್ಚಾದರೆ ಫೈಬ್ರೋಬ್ಲಾಸ್ಟ್ ಕಳೆಯ ಹಾಗೆ ಬೆಳೆದು ಮಿಕ್ಕವನ್ನು ನುಂಗುತ್ತದೆ. ಎರಡು ಮೀಡಿಯಂಗಳನ್ನು ಅರ್ಧರ್ಧ ಬೆರೆಸುವುದು ರಾಜಿಯಷ್ಟೇ.

ಬಿತ್ತುವ ನೆಲವಾಗಿ ಹೆಚ್ಚಾಗಿ ಬಳಸುವುದು ಫೈಬ್ರಿನ್, ಗಾಯವಾದಾಗ ರಕ್ತ ಹೆಪ್ಪುಗಟ್ಟುವ ಅದೇ ಪ್ರೋಟೀನು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ರೂಢಿಗೆ ಬಂದ ಸಣ್ಣ ಪಟ್ಟಿಯ ವಿಧಾನದಲ್ಲಿ 100 ಮೈಕ್ರೋಲೀಟರಿಗೆ, ಎರಡು ಹನಿ ಎನ್ನಿ, 10 ಲಕ್ಷ ಕೋಶ. ಮಿಲಿಲೀಟರಿಗೆ 5 ಮಿಲಿಗ್ರಾಂ ಫೈಬ್ರಿನೋಜನ್ (ಫೈಬ್ರಿನ್ನಿನ ಕರಗಿದ ರೂಪ) ಜೊತೆ ಎಲ್ಲವನ್ನೂ ಮಂಜುಗಡ್ಡೆಯ ಮೇಲೆ ಬೆರೆಸಿಟ್ಟುಕೊಂಡು, ಅದನ್ನು ಹೆಪ್ಪುಗಟ್ಟಿಸುವ ಥ್ರೊಂಬಿನ್ ಕಟ್ಟಕಡೆಗೆ ಹಾಕಬೇಕು. ಹಾಕಿದ ಮೇಲೆ ಕೈ ಅರೆಗಳಿಗೆ ತಡೆದರೂ ಪಿಪೆಟ್ಟಿನ ತುದಿಯಲ್ಲೇ ಗಟ್ಟಿಯಾಗುತ್ತದೆ. ಗುಳ್ಳೆ ಸೇರಿದರೆ ಪಟ್ಟಿ ಅಲ್ಲೇ ಹರಿಯುತ್ತದೆ. ಈ ದ್ರವವನ್ನು ಎರಡು ಸಿಲಿಕೋನ್ ಕಂಬಗಳ ನಡುವಿನ ಅಚ್ಚಿಗೆ ಸುರಿದರೆ ಕೆಲವು ದಿನಗಳಲ್ಲಿ ಕೋಶಗಳು ತಾವೇ ಜಗ್ಗಿ ಬಿಗಿಯಾದ ಹುರಿಯಾಗುತ್ತವೆ, ಕಂಬಗಳು ಒಂದರ ಕಡೆಗೊಂದು ಬಾಗುವುದನ್ನು ಅಳೆದು ಸ್ನಾಯುವಿನ ಬಲ ಲೆಕ್ಕ ಹಾಕಬಹುದು. ಕೋಶಗಳು ಫೈಬ್ರಿನ್ನನ್ನು ತಿಂದುಹಾಕದಂತೆ ಮೀಡಿಯಂಗೆ ಅಪ್ರೊಟಿನಿನ್ ಸೇರಿಸಬೇಕು. ಒಂದು ಸಲ ಮರೆತರೂ ಪಟ್ಟಿ ತೆಳ್ಳಗಾಗಿ ಕಂಬದಿಂದ ಕಳಚಿಕೊಳ್ಳುತ್ತದೆ. ಇಂಥ ಹುರಿಯನ್ನು ಅಡ್ಡ ಕೊಯ್ದರೆ ಪತ್ರಿಕೆಯ ಹಾಳೆಯ ಲೆಕ್ಕವೇ ಎದುರಾಗುತ್ತದೆ: ಅಂಚಿನಲ್ಲಿ ಒತ್ತಾದ ಜೀವಂತ ಕೋಶಗಳ ಬಳೆ, ನಡುವೆ ಬಹುಪಾಲು ಖಾಲಿ.

ಈ ಎಲ್ಲೆಯನ್ನು ದಾಟಲು ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ತೆರುವೊ ಒಕಾನೊ, ತತ್ಸುಯ ಶಿಮಿಜು ಹಿಡಿದ ದಾರಿ ನಮಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವಂಥದ್ದು. ಅವರ ಪ್ಲೇಟಿನ ತಳಕ್ಕೆ ಬಳಿದ ಪಾಲಿಮರ್ 37 ಡಿಗ್ರಿಯಲ್ಲಿ ಕೋಶಗಳನ್ನು ಹಿಡಿದುಕೊಂಡು 32 ಡಿಗ್ರಿಗಿಂತ ಕೆಳಗೆ ಬಿಟ್ಟುಬಿಡುತ್ತದೆ. ದೋಸೆ ಏಳುವ ಹಾಗೆ ಕೋಶಗಳ ಹಾಳೆ ಇಡಿಯಾಗಿ ಮೇಲೇಳುತ್ತದೆ. 2006ರಲ್ಲಿ ಅವರು ಇಲಿಮರಿಗಳ ಹೃದಯಕೋಶದ ಹಾಳೆಗಳನ್ನು ಇಲಿಯ ಚರ್ಮದಡಿ ಇಟ್ಟು ನೋಡಿದರು. ಮೂರು ಹಾಳೆ, ಸುಮಾರು 80 ಮೈಕ್ರಾನ್, ಬದುಕಿತು. ಅದಕ್ಕಿಂತ ದಪ್ಪಗೆ ಇಟ್ಟದ್ದರ ಒಳಭಾಗ ಸತ್ತಿತು. ಹಾಗಾದರೆ ಮೂರು ಇಟ್ಟು, ಒಂದೆರಡು ದಿನ ಕಾದು, ಇಲಿಯ ನಾಳಗಳು ಅದರೊಳಗೆ ಹೊಕ್ಕ ಮೇಲೆ ಅದರ ಮೇಲೆ ಇನ್ನು ಮೂರು. ಹೀಗೆ ಹತ್ತು ಸಲ ಶಸ್ತ್ರಚಿಕಿತ್ಸೆ ಮಾಡಿ ಸುಮಾರು 1 ಮಿಲಿಮೀಟರ್ ದಪ್ಪದ, ಒಂದೇ ತಾಳದಲ್ಲಿ ಮಿಡಿಯುವ ಸ್ನಾಯು ಪಡೆದರು. ಮಡಿಸಿದ ಒಂದೇ ಒಂದು ಪತ್ರಿಕೆಯಷ್ಟು ದಪ್ಪಕ್ಕೆ ಹತ್ತು ಶಸ್ತ್ರಚಿಕಿತ್ಸೆ! ಹೃದ್ರೋಗಿಯ ಎದೆಯನ್ನು ಹತ್ತು ಸಲ ತೆರೆಯಲಾಗದು ಎಂಬುದು ಅವರಿಗೂ ಗೊತ್ತಿತ್ತು. ಆದರೆ ಕಾಯುವ ಆ ಒಂದೆರಡು ದಿನದ ಬೆಲೆ ಏನು ಎಂಬುದನ್ನು ಈ ಪ್ರಯೋಗ ತೋರಿಸಿತು. ಕಸಿಯಾದ ತುಂಡಿನೊಳಗೆ ಮೊದಲೇ ನಾಳಗಳಿದ್ದರೆ ದೇಹದ ನಾಳಗಳು ಇಡೀ ದಾರಿ ಕೊರೆಯಬೇಕಿಲ್ಲ, ತುದಿಗೆ ತುದಿ ಕೂಡಿದರೆ ಸಾಕು. ಅಷ್ಟಕ್ಕೂ ದಿನಗಳು ಬೇಕು. ಸ್ನಾಯುಕೋಶ ಆಮ್ಲಜನಕವಿಲ್ಲದೆ ತಡೆಯುವುದು ಗಂಟೆಗಳ ಲೆಕ್ಕದಲ್ಲಿ.

ಇನ್ನೊಂದು ದಾರಿ, ದೊಡ್ಡ ಕಾಲುವೆಯನ್ನು ಮೊದಲೇ ತೋಡಿಬಿಡುವುದು. ಹಾರ್ವರ್ಡ್‌ನ ಜೆನಿಫರ್ ಲೂಯಿಸ್ ತಂಡ 2019ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆಕರಕೋಶದ ಸಣ್ಣ ಉಂಡೆಗಳನ್ನು ಮಿಲಿಲೀಟರಿಗೆ 20 ಕೋಟಿ ಕೋಶದ ಸಾಂದ್ರತೆಗೆ ಒತ್ತಿ, ತಣ್ಣನೆಯ ಆ ಹಿಟ್ಟಿನೊಳಗೆ ಸೂಜಿ ಆಡಿಸಿ ಜೆಲಾಟಿನ್ ಗೆರೆ ಎಳೆಯುತ್ತಾರೆ. 37 ಡಿಗ್ರಿಗೆ ಬಿಸಿ ಮಾಡಿದರೆ ಸುತ್ತಲಿನದು ಗಟ್ಟಿಯಾಗುತ್ತದೆ, ಜೆಲಾಟಿನ್ ಕರಗಿ ಹರಿದು ಹೋಗಿ ಕೊಳವೆ ಉಳಿಯುತ್ತದೆ. ಅದರ ಮೂಲಕ ಆಮ್ಲಜನಕ ತುಂಬಿದ ಮೀಡಿಯಂ ಹಾಯಿಸಿದಾಗ ಹೃದಯದ ತುಂಡು ಒಂದು ವಾರದಲ್ಲಿ ಒಂದಾಗಿ ಮಿಡಿಯಿತು. ಹೆದ್ದಾರಿ ಆಯಿತು, ಓಣಿಗಳಿಲ್ಲ: ಕೊಳವೆಯಿಂದ 20 ಮೈಕ್ರಾನ್ ಅಂತರದ ಲೋಮನಾಳಕ್ಕೆ ಕವಲೊಡೆಯುವ ಜಾಲ ತಾನಾಗಿ ಬೆಳೆಯಬೇಕು. ಅದೇ ವರ್ಷ ಟೆಲ್ ಅವೀವ್‌ನ ತಲ್ ದ್ವಿರ್ ತಂಡ ರೋಗಿಯ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶ ಮತ್ತು ಜೆಲ್ ಬಳಸಿ ಮುದ್ರಿಸಿದ ‘ಹೃದಯ’ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಎತ್ತರ 20 ಮಿಲಿಮೀಟರ್, ಅಡ್ಡಳತೆ 14. ರಕ್ತ ಪಂಪ್ ಮಾಡುವ ಶಕ್ತಿ ಅದಕ್ಕಿರಲಿಲ್ಲ. ಸಂಶೋಧಕರೇ ಹಾಗೆಂದು ಹೇಳಿದ್ದರು. ತಲೆಬರಹಗಳಲ್ಲಿ ಆ ಮಾತು ಉಳಿಯಲಿಲ್ಲ.

ಮೀಡಿಯಂ ಹಾಯಿಸುವುದೂ ನಲ್ಲಿ ತಿರುಗಿಸಿದಷ್ಟು ಸುಲಭವಲ್ಲ. ಒಂದು ಲೀಟರ್ ರಕ್ತ ಹಿಮೋಗ್ಲೋಬಿನ್‌ನಿಂದಾಗಿ ಸುಮಾರು 200 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಗಾಳಿಯೊಂದಿಗೆ ಸಮತೋಲದಲ್ಲಿರುವ ಮೀಡಿಯಂ ಹೊರುವುದು ಅದರ ನಲವತ್ತನೇ ಒಂದು ಭಾಗದಷ್ಟು. ಕೊರತೆ ತುಂಬಲು ವೇಗ ಹೆಚ್ಚಿಸಿದರೆ ಪ್ರವಾಹದ ಎಳೆತಕ್ಕೆ ಗೋಡೆಯ ಕೋಶಗಳು ಕಿತ್ತುಬರುತ್ತವೆ. ಕಡಿಮೆ ಮಾಡಿದರೆ ಒಳಭಾಗ ಹಸಿಯುತ್ತದೆ. ಟ್ಯೂಬಿನಲ್ಲಿ ಸಾಸಿವೆ ಗಾತ್ರದ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಕಾಲುವೆ ಮುಚ್ಚುತ್ತದೆ, ಒತ್ತಿ ತಳ್ಳಿದರೆ ದಾರಿಯುದ್ದಕ್ಕೂ ಒಳಪದರವನ್ನು ಕೆರೆದುಕೊಂಡೇ ಹೋಗುತ್ತದೆ. ಅದಕ್ಕೇ ಮೀಡಿಯಂನ ಗಾಳಿಯನ್ನು ಮೊದಲೇ ತೆಗೆದು, ಅಂಗಾಂಶಕ್ಕೆ ಮುಂಚೆ ಗುಳ್ಳೆ ಹಿಡಿಯುವ ಪುಟ್ಟ ಕೋಣೆ ಇಡುತ್ತಾರೆ. ಒಳಪದರ ಎಲ್ಲಾದರೂ ಹರಿದು ಜೆಲ್ ಬಯಲಾಗಿದ್ದರೆ, ನಿಜವಾದ ರಕ್ತ ಬಿಟ್ಟ ಕೆಲವೇ ನಿಮಿಷದಲ್ಲಿ ಅಲ್ಲಿ ಹೆಪ್ಪುಗಟ್ಟುತ್ತದೆ.

‘ರಕ್ತನಾಳ ಸಹಿತ’ ಎಂಬ ಮಾತು ಸುದ್ದಿಯಲ್ಲಿ ಬಂದಾಗ ಕೇಳಬೇಕಾದ ಪ್ರಶ್ನೆಯೊಂದಿದೆ. ಬಣ್ಣ ಹಾಕಿದ ಚಿತ್ರದಲ್ಲಿ ಕಾಣುವ ಕೆಂಪು ಜಾಲ ನಾಳಕೋಶಗಳು ಅಲ್ಲಿವೆ ಎಂದಷ್ಟೇ ಹೇಳುತ್ತದೆ. ಅವು ಟೊಳ್ಳಾಗಿವೆಯೇ, ದೇಹದ ನಾಳಕ್ಕೆ ಕೂಡಿವೆಯೇ ಎಂಬುದು ಬೇರೆ ಮಾತು. ಸಾಕ್ಷಿ ಬೇಕೆಂದರೆ ಕಸಿ ಮಾಡಿದ ಇಲಿ ಬದುಕಿರುವಾಗಲೇ ಅದರ ಬಾಲದ ಅಭಿಧಮನಿಗೆ ಲೆಕ್ಟಿನ್ ಎಂಬ, ನಾಳಕೋಶಕ್ಕೆ ಅಂಟಿ ಹೊಳೆಯುವ ಪ್ರೋಟೀನು ಚುಚ್ಚಬೇಕು. ಮಾನವ ನಾಳಕೋಶಕ್ಕೆ ಮಾತ್ರ ಅಂಟುವ ಲೆಕ್ಟಿನ್ ಇದೆ, ಇಲಿಯದಕ್ಕೆ ಅಂಟುವುದು ಬೇರೆ. ಕಸಿಯೊಳಗಿನ ಮಾನವ ನಾಳ ಹೊಳೆದು, ಅದರೊಳಗೆ ಇಲಿಯ ಕೆಂಪು ರಕ್ತಕಣ ಕಂಡರೆ ಕೂಡಿಕೆ ನಿಜ. ಇಷ್ಟು ತೋರಿಸದ ಪ್ರಬಂಧಗಳೂ ಸಾಕಷ್ಟಿವೆ.

ಮನುಷ್ಯರ ವಿಷಯಕ್ಕೆ ಬಂದರೆ, ಒಸಾಕಾ ವಿಶ್ವವಿದ್ಯಾಲಯದ ಯೋಶಿಕಿ ಸಾವಾ ತಂಡ 2020ರ ಜನವರಿಯಲ್ಲಿ ಮೊದಲ ರೋಗಿಗೆ ಐಪಿಎಸ್ ಸ್ನಾಯುಕೋಶದ ಹಾಳೆಗಳನ್ನು ಹೊದಿಸಿತು. ಆ ಹಾಳೆ ತೆಳ್ಳಗಿನದು. ರೋಗಿಯ ಹೃದಯದಲ್ಲಿ ಹೊಸ ನಾಳ ಮೂಡಿಸುವ ಪ್ರೋಟೀನುಗಳನ್ನು ಅದು ಸ್ರವಿಸುತ್ತದೆ ಎಂಬುದೇ ಅಲ್ಲಿನ ನಿರೀಕ್ಷೆ, ಹೊಸ ಸ್ನಾಯುವಾಗಿ ದುಡಿಯುತ್ತದೆ ಎಂದಲ್ಲ. ಜರ್ಮನಿಯ ಗೊಟ್ಟಿಂಗನ್‌ನ ವೋಲ್ಫ್‌ರಾಮ್ ಝಿಮ್ಮರ್‌ಮಾನ್ ತಂಡದ ಹೆಜ್ಜೆ ಇದಕ್ಕಿಂತ ದೊಡ್ಡದು. ಸ್ನಾಯುಕೋಶ ಮತ್ತು ಆಸರೆ ಕೋಶಗಳನ್ನು ಕೊಲಾಜನ್ ಜೆಲ್‌ನಲ್ಲಿ ಕಟ್ಟಿದ ತೇಪೆಯನ್ನು ಮೊದಲು ಕೋತಿಗಳಲ್ಲಿ ಪರೀಕ್ಷಿಸಿ, ಆಮೇಲೆ ಹೃದಯ ತೀರ ದುರ್ಬಲವಾಗಿದ್ದ 46 ವರ್ಷದ ಮಹಿಳೆಗೆ 40 ಕೋಟಿ ಕೋಶಗಳ ತೇಪೆ ಹೊಲಿದರು. ಮೂರು ತಿಂಗಳ ನಂತರ ಆಕೆಗೆ ದಾನಿಯ ಹೃದಯ ಸಿಕ್ಕಿತು. ತೆಗೆದ ಹಳೆಯ ಹೃದಯವನ್ನು ಕೊಯ್ದು ನೋಡಿದಾಗ ತೇಪೆಯ ಸ್ನಾಯು ಬದುಕಿತ್ತು, ಅದರೊಳಗೆ ನಾಳಗಳು ಹೊಕ್ಕಿದ್ದವು. 2025ರ ಜನವರಿಯಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಮಟ್ಟಿಗೆ ಮುದ್ರಿತ ಹೃದಯಗಳೆಲ್ಲಕ್ಕಿಂತ ತೂಕದ್ದು. ಆದರೂ ಲೆಕ್ಕ ಇಡಿ: ದೊಡ್ಡ ಹೃದಯಾಘಾತವೊಂದರಲ್ಲಿ ಸಾಯುವುದು ಸುಮಾರು 100 ಕೋಟಿ ಸ್ನಾಯುಕೋಶ. ಕೋಶಗಳು ಬೇರೆಯವರದಾದ್ದರಿಂದ ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು.

ತಾಳ ತಪ್ಪುವ ಭಯವೂ ಇದೆ. ಸಿಯಾಟಲ್‌ನ ಚಾರ್ಲ್ಸ್ ಮರ್ರಿ ತಂಡ 2014ರಲ್ಲಿ ಕೋತಿಗಳ ಹೃದಯಕ್ಕೆ 100 ಕೋಟಿ ಕೋಶ ಚುಚ್ಚಿದಾಗ ಸ್ನಾಯು ಬೆಳೆಯಿತು, ಜೊತೆಗೆ ಬಡಿತ ಅಡ್ಡಾದಿಡ್ಡಿಯಾಯಿತು. ಎಳೆಯ ಕೋಶ ತನ್ನಷ್ಟಕ್ಕೆ ಮಿಡಿಯುವ ಚಾಳಿ ಬಿಟ್ಟಿರುವುದಿಲ್ಲ. ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ಬಡಿಯುವ ಇಲಿಯ ಹೃದಯದಲ್ಲಿ ಈ ದೋಷ ಮುಚ್ಚಿಹೋಗುತ್ತದೆ. ಇಲಿಯಲ್ಲಿ ಗೆದ್ದದ್ದನ್ನು ಮನುಷ್ಯನಿಗೆ ಅನ್ವಯಿಸುವ ಮುನ್ನ ನಿಲ್ಲಬೇಕಾದ ಕಾರಣಗಳಲ್ಲಿ ಇದೊಂದು.

ಇಷ್ಟನ್ನು ಈಗ ಬರೆಯಲು ಕಾರಣ ಇಲ್ಲಿನ ಜಾಹೀರಾತುಗಳು. ‘ಬೈಪಾಸ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್ ಸಾಕು’ ಎನ್ನುವವರು ತೋರಿಸುವುದು ಮೇಲೆ ಹೇಳಿದಂಥ ಸುದ್ದಿಗಳ ತುಣುಕುಗಳನ್ನೇ. ಅವರು ಚುಚ್ಚುವುದಕ್ಕೂ ನಾಳ ಸಹಿತ ಅಂಗಾಂಶಕ್ಕೂ ಸಂಬಂಧವಿಲ್ಲ. ವಯಸ್ಕರ ಹೃದಯದಲ್ಲೇ ಸ್ನಾಯು ಹುಟ್ಟಿಸುವ ಆಕರಕೋಶ ಇದೆ ಎಂದು ಸಾರಿದ ಪಿಯೆರೊ ಆನ್ವೆರ್ಸಾ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹಾರ್ವರ್ಡ್ ಮತ್ತು ಅದರ ಆಸ್ಪತ್ರೆ 2018ರಲ್ಲೇ ಹೇಳಿವೆ. ನಮ್ಮಲ್ಲಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಮಾದರಿಯ ಕಸಿ ಬಿಟ್ಟರೆ ಬೇರೆಲ್ಲ ಆಕರಕೋಶ ಚಿಕಿತ್ಸೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು.

ಬೆಂಗಳೂರಿಗೂ ಇದರಲ್ಲಿ ಮಾಡುವ ಕೆಲಸವಿದೆ, ಇಂಜೆಕ್ಷನ್ನಿನದಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮಾನವ ಭ್ರೂಣದ ಆಕರಕೋಶ ವಂಶಗಳನ್ನು ತೆಗೆದದ್ದುಂಟು. ಹೃದಯ ಸ್ನಾಯುವಿನ ಪ್ರೋಟೀನೊಂದರ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವ ದೋಷ ಭಾರತ ಉಪಖಂಡದ ಸುಮಾರು ಶೇ 4ರಷ್ಟು ಜನರಲ್ಲಿದೆ ಎಂದು 2009ರಲ್ಲಿ ತೋರಿಸಿದ ಪೆರುಂದುರೈ ದಂಡಪಾಣಿ ಈಗ ಬಳ್ಳಾರಿ ರಸ್ತೆಯ ಇನ್‌ಸ್ಟೆಮ್ ಎಂಬ ಆಕರಕೋಶ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ಆ ದೋಷ ಇರುವವರ ಐಪಿಎಸ್ ಕೋಶದಿಂದ ಮಾಡಿದ, ನಾಳಗಳಿರುವ ಅರ್ಧ ಮಿಲಿಮೀಟರ್ ಸ್ನಾಯುವಿನ ಮೇಲೆ ಔಷಧಿ ಪರೀಕ್ಷಿಸಲು ಎದೆ ತೆರೆಯಬೇಕಿಲ್ಲ. ಈ ವಿದ್ಯೆಯ ಮೊದಲ ಫಲ ಅಲ್ಲೇ ಸಿಗಬಹುದು.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಸಲ ‘ಹೃದಯ ಬೆಳೆಸಿದರು’ ಎಂದು ಅಚ್ಚು ಹಾಕುವಾಗ ಎಷ್ಟು ಮಿಲಿಮೀಟರ್, ಯಾವ ಪ್ರಾಣಿಯಲ್ಲಿ, ಎಷ್ಟು ವಾರ ಬದುಕಿತು, ರಕ್ತ ಹರಿದದ್ದಕ್ಕೆ ಏನು ಸಾಕ್ಷಿ ಎಂಬ ಒಂದು ಸಾಲು ಸೇರಿಸಿ. ಚಿಕಿತ್ಸೆಯ ಮಾತಾಡುವವರನ್ನು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೇಳಿ, ರೋಗಿಯಿಂದ ಹಣ ಪಡೆಯುತ್ತೀರಾ ಎಂದೂ ಕೇಳಿ. ಪ್ರಯೋಗಕ್ಕೆ ಒಳಗಾಗುವವರಿಂದ ಪ್ರಯೋಗದ ಖರ್ಚು ವಸೂಲಿ ಮಾಡುವುದು ಸಲ್ಲದು. ಆ ಸಂಖ್ಯೆ ಕೊಡಲಾಗದವರ ಜಾಹೀರಾತು ನಿಮ್ಮ ಪುಟಗಳಲ್ಲಿ ಕಾಣದಿರಲಿ.

ಇತಿ,
ಕೋಶಕೃಷಿ ಬಲ್ಲ ಇಬ್ಬರು ಓದುಗರು, ಬೆಂಗಳೂರು